ರೇಡಿಯೋದ ಹಗ್ಗ

ಯುದ್ಧದ ಕಾಲದಲ್ಲಿ ನಾನು ಕೆಲಸಕ್ಕಿದ್ದ ರೇಡಿಯೋ ಕಂಪನಿಯನ್ನು ಸೇನೆಗೆ ವೈರ್‌ಲೆಸ್ ಮಾಡುವ ದೊಡ್ಡ ಕಂಪನಿಯೊಂದು ಕೊಂಡಿತು. ನಾನಂತೂ ಹಿಗ್ಗಿ ಹೀರೇಕಾಯಿ! ನಾವು ಮೊದಲೇ ಮಾರಿದ್ದ ರೇಡಿಯೋಗಳ ಮೇಲಿನ ಹಳೇ ಹೆಸರಿನ ತಗಡು ಕಿತ್ತು ಹೊಸದು ಹಾಕಲು ಮಳವಳ್ಳಿ ಕಡೆಯ ಪಟೇಲರೊಬ್ಬರ ಮನೆಗೆ ಹೋದೆ.

“ಇನ್ಮೇಲೆ ನಾವು ಮಿಲಿಟ್ರಿಯವರು, ಪಟೇಲ್ರೇ!” ಎಂದೆ.

“ಅಂಗಾದ್ರೆ ನಿಮ್ನೆಲ್ಲ ಮಾರ್ಬುಟ್ರು ಅನ್ನು.”

ಕಿತ್ತ ತಗಡನ್ನು ಚೀಲಕ್ಕೆ ಹಾಕುವಾಗ ಅವರು ನನ್ನ ಕೈ ಹಿಡಿದರು. “ಅದನ್ನ ಹೊಸ ಧಣಿಗೆ ಕೊಡ್ಬ್ಯಾಡ, ಹಳೇ ಧಣಿಗೆ ಮುಟ್ಸು. ನಾವು ಎತ್ತು ಮಾರುದ್ರೂ ಹಗ್ಗ ಬಿಚ್ಕೊಂಡು ಮನೆಗೆ ತತ್ತೀವಿ ಕಣಯ್ಯ.”

ಆಮೇಲೆ ನನ್ನನ್ನೇ ದಿಟ್ಟಿಸಿ, “ಅದ್ಸರಿ, ನಿನ್ ಹಗ್ಗ ಯಾರ್ ತಾವೈತೆ?” ಎಂದರು.

ಅಂಗಿಗೆ ಚುಚ್ಚಿದ್ದ ಹಳೇ ಕಂಪನಿಯ ಬಿಲ್ಲೆಗೆ ಕೈ ತಾನಾಗಿ ಹೋಯಿತು. ಅದನ್ನು ನಾನು ಯಾರಿಗೂ ಒಪ್ಪಿಸಲಿಲ್ಲ. ಮಾರಿಹೋದ ಎತ್ತೇ ಹಗ್ಗ ಇಟ್ಟುಕೊಂಡದ್ದು ಅದೇ ಮೊದಲಿರಬೇಕು.