ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದು ನಾನು

ಅಕ್ಕಾ, ಅಪ್ಪನ ಕೈ ಮುರಿದದ್ದು ನಿನ್ನಿಂದಲ್ಲ. ನನ್ನಿಂದ. ಮೂವತ್ತು ವರ್ಷ ಈ ಮಾತನ್ನು ನುಂಗಿಕೊಂಡು ಉಂಡೆ, ಮಲಗಿದೆ, ಮರ್ಯಾದಸ್ಥ ಎನಿಸಿಕೊಂಡೆ — ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಹುಕ್ಕೇರಿಯ ಡಾಕ್ಟರರ ಹಳೆಯ ಅಂಬಾಸಿಡರ್ ಗೋಕಾಕದ ನಮ್ಮ ಗ್ಯಾರೇಜಿಗೆ ಬಂದಿತ್ತು. ಏರಿನಲ್ಲಿ ದಮ್ಮಿಲ್ಲ, ಎಂಜಿನ್ ಕಾದು ಕೆಂಡ. ನಾನು ಎರಡು ದಿನ ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಮತ್ತೆ ತೊಳೆದೆ. ನೀನು ಬಾನೆಟ್ಟಿನ ಪಕ್ಕ ನಿಂತು ಸ್ವಲ್ಪ ಹೊತ್ತು ಸದ್ದು ಕೇಳಿದೆ, ಅಷ್ಟೇ.

“ಅಪ್ಪಾ, ಕಿಡಿ ತಡಾ ಆಗಿ ಬೀಳಾಕತ್ತೈತಿ. ಟೈಮಿಂಗ್ ಹಿಂದ ಬಿದ್ದೈತಿ.”

ನೀನೇ ಕಿಡಿ ಹುಟ್ಟಿಸುವ ಸವೆದ ಪಾಯಿಂಟಿನ ಸಂದು ಸರಿಪಡಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟೇ ತಿರುಗಿಸಿದೆ. ಗಾಡಿ ಫಾಲ್ಸ್ ದಾರಿಯ ಏರನ್ನು ಏದುಸಿರು ಬಿಡದೆ ಹತ್ತಿ ಬಂತು. ಡಾಕ್ಟರರ ಎದುರಿಗೇ ಅಪ್ಪ ನನಗೆಂದ: “ಅಕ್ಕನ ಕಡೆ ಕಲ್ಕೋ. ನಾಳೆ ಗ್ಯಾರೇಜ್ ನಡಸಾಕಿ ಅಕಿನ.”

ಬೆಳಿಗ್ಗೆ ಒಯ್ಯುತ್ತೇನೆಂದು ಡಾಕ್ಟರರು ಗಾಡಿ ಬಿಟ್ಟು ಹೋದರು. ನೀನು ಕೈ ತೊಳೆಯಲು ಹೋದಾಗ ನಾನು ಬೋಲ್ಟು ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಅತ್ತ ತಿರುಗಿಸಿಟ್ಟೆ — ಕಿಡಿ ಬಹಳ ಬೇಗ ಬೀಳುವಂತೆ. ಗಾಡಿ ಚಾಲೂ ಆಗದೆ ನಿನಗೆ ಅವಮಾನವಾಗಲಿ, ಅಷ್ಟೇ ಬಯಸಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು! ಹಾಗಿಟ್ಟರೆ, ಗಾಡಿಯ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡುವವರ ಕೈಗೇ ಎಂಜಿನ್ ಎದುರು ಹೊಡೆಯುತ್ತದೆಂದು ನನಗೆ ಗೊತ್ತಿತ್ತು. ಬ್ಯಾಟರಿ ಸೋತಿದೆಯೆಂದೂ ಗೊತ್ತಿತ್ತು; ಹ್ಯಾಂಡಲ್ ಹಿಡಿಯುವವಳು ನೀನೇ ಎಂದುಕೊಂಡಿದ್ದೆ —

ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಹ್ಯಾಂಡಲ್ ಹಿಡಿದವನು ಅಪ್ಪ. ಒಂದೇ ಸುತ್ತು. ಎಲುಬಿನ ಸದ್ದು ಬೀದಿಗೆ ಕೇಳಿತು.

ನೀನು ಬಾನೆಟ್ಟೊಳಗೆ ಬಗ್ಗಿ ನೋಡಿ ನನ್ನ ಕಡೆ ತಿರುಗಿದೆ. “ಖರೆ ಹೇಳು, ನೀ ಇದನ್ನ ಮುಟ್ಟಿದಿ ಏನು?”

“ನಾ ಯಾಕ ಮುಟ್ಟಲಿ? ನಿನ್ನ ಕೆಲಸಾ, ನೀನ ನೋಡ್ಕೋ.”

ಅಪ್ಪ ಮತ್ತೆಂದೂ ನಿನ್ನ ಕೈಗೆ ಬೋಲ್ಟು ತಿರುಗಿಸುವ ಪಾನಾ ಕೊಡಲಿಲ್ಲ. ವರ್ಷ ತುಂಬುವುದರೊಳಗೆ ನಿನ್ನನ್ನು ಮಸಗುಪ್ಪಿಗೆ ಮದುವೆ ಮಾಡಿ ಕೊಟ್ಟರು. ಸಾಯುವವರೆಗೂ ಅವನ ಬಲಗೈ ನೆಟ್ಟಗಾಗಲಿಲ್ಲ. ಸಾಯುವವರೆಗೂ ಅವನು ನಿನ್ನನ್ನೇ ಬೈದ — ನಾನು ಪಕ್ಕದಲ್ಲೇ ಕೂತು ಅವನಿಗೆ ತುತ್ತು ಕಲಸಿಕೊಡುತ್ತಿದ್ದೆ. ಒಳ್ಳೆಯ ಮಗ, ಥೂ!

ಹೋದ ವಾರ ಡಾಕ್ಟರರಿಗೆ ಎಲ್ಲ ಹೇಳಿದೆ. ನಕ್ಕರು. “ಬಿಡೋ ಮಾರಾಯಾ, ಹಳೇ ಮಾತು. ಅಕಿ ಈಗ ಸುಖವಾಗಿ ಅದಾಳಲ್ಲ.” ಯಾರಿಗೆ ಹಳೆಯದು? ನಿನ್ನ ಹೊಲದ ಎಂಜಿನ್ ಕೆಟ್ಟಾಗಲೂ ಭಾವ ನನಗೇ ಫೋನ್ ಮಾಡುತ್ತಾನೆ. ನೀನು ಕಟ್ಟೆಯ ಮೇಲೆ ದೂರ ನಿಂತು ಸದ್ದು ಕೇಳುತ್ತೀಯ. ಏನು ಕೆಟ್ಟಿದೆಯೆಂದು ನನಗಿಂತ ಮೊದಲೇ ನಿನಗೆ ತಿಳಿದಿರುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಆ ಬಾಯಿ ಮುಚ್ಚಿಸಿದವನು ನಾನು.

ಭಾನುವಾರ ಬರುತ್ತೇನೆ. ಭಾವನ ಎದುರು, ನಿನ್ನ ಮಕ್ಕಳ ಎದುರು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ.