ಒಂದು ಸೆಕೆಂಡಿನ ಕೂಗು, ಅರವತ್ತೊಂದು ಸ್ವರ

ಬೆಳಗಿನ ಆರು ಗಂಟೆ. ಪಸ್ತಾಪುರದ ಸಜ್ಜೆ ಹೊಲದಲ್ಲಿ ಅಟ್ಟವೇರಿ ನಿಂತ ಲಚ್ಚಮ್ಮ ಗಿಳಿಗಳ ಕಡೆ ಕವಣೆ ಬೀಸಿ "ಹೋಽಽ" ಎಂದು ಕೂಗುತ್ತಾರೆ. ಕೆಳಗೆ, ಇಬ್ಬನಿಗೆ ಸೀರೆಯಂಚು ತೋಯಿಸಿಕೊಂಡು ಕುಳಿತ ಧಮ್ಮಶೀಲಾ ಅಂಗೈಯಗಲದ ರೆಕಾರ್ಡರನ್ನು ಮೇಲೆತ್ತಿ ಹಿಡಿದಿದ್ದಾರೆ.

"ಆಯಿ, ಇನ್ನೊಮ್ಮೆ ಕೂಗ್ರಿ. ನಡುವ ಕಾಗಿ ಒದರ್ತು."

"ಗಿಳಿ ಹಾರಿ ಹೋಗ್ಯಾವ ಮಗಳ. ಈಗ ಯಾರ ಮ್ಯಾಲ ಒದರ್ಲಿ, ನಿನ್ನ ಮ್ಯಾಲೇನು?" ಎನ್ನುತ್ತಲೇ ಲಚ್ಚಮ್ಮ ಮತ್ತೆ ದನಿಯೆತ್ತುತ್ತಾರೆ.

ಧಮ್ಮಶೀಲಾಗೆ ಬೇಕಾದದ್ದು ಆ ಕೂಗಿನ ಒಂದೇ ಸೆಕೆಂಡು. ಅದನ್ನು ಜಹೀರಾಬಾದಿನ ತಮ್ಮ ಕೋಣೆಗೆ ಒಯ್ದು, ಕಂಪ್ಯೂಟರಿನಲ್ಲಿ ಕತ್ತರಿಸಿ, ಹದಮಾಡಿ, ಸಂಗೀತದ ಕೀಬೋರ್ಡಿನ ಅರವತ್ತೊಂದು ಮನೆಗಳಲ್ಲೂ ನುಡಿಯುವಂತೆ ಮಾಡುವುದು ಮೂವತ್ತೆರಡರ ಈ ಹೆಣ್ಣುಮಗಳ ಕಸುಬು. ವಾದಕರು ಇದನ್ನು 'ಟೋನ್' ಎನ್ನುತ್ತಾರೆ.

"ಬೆರಳು ಒತ್ತಿದಷ್ಟು ಹೊತ್ತು ದನಿ ನಿಲ್ಲಬೇಕ್ರಿ. ಅದಕ್ಕ ಕೂಗಿನ ಕೊನಿ ತಂದು ನಡುವಿಗಿ ಜೋಡಿಸ್ತೀನಿ, ಸುತ್ತಿ ಸುತ್ತಿ ಅದೇ ನುಡೀತದ. ಸೀರಿಗಿ ಫಾಲ್ ಹಚ್ಚಿದಂಗ, ಹೊಲಿಗಿ ಕಾಣಬಾರ್ದು" ಎನ್ನುತ್ತಾರೆ. ಒಂದು ಟೋನಿಗೆ ನಾಲ್ಕೈದು ದಿನ. ಮೂರು ವರ್ಷದಲ್ಲಿ ಮಾಡಿದ್ದು ನೂರ ನಲವತ್ತು, ತೃಪ್ತಿ ತಂದು ಉಳಿಸಿಕೊಂಡದ್ದು ಇಪ್ಪತ್ತೆರಡು.

ಈ ಕಿವಿ ಬಂದದ್ದು ತಾಂಡೂರಿನಿಂದ. ತಂದೆ ಮಾಣಿಕ ಅಲ್ಲಿ ಹಾಸುಗಲ್ಲು ತಟ್ಟಿ ನೋಡುವ ಕೆಲಸಗಾರ. "ಬಿರುಕು ಕಣ್ಣಿಗಿ ಕಾಣಲ್ಲ, ಕಿವಿಗಿ ಕಾಣ್ತದ ಅಂತಿದ್ದ ನಮ್ಮಪ್ಪ." ಮದುವೆಯಾಗಿ ಜಹೀರಾಬಾದಿಗೆ ಬಂದ ಧಮ್ಮಶೀಲಾ ಕ್ಯಾಸೆಟ್ ಅಂಗಡಿಯಲ್ಲಿ ಹಾಡು ತುಂಬುವ ಕೆಲಸಕ್ಕೆ ಸೇರಿದರು. ಅಂಗಡಿ ಮುಚ್ಚಿದಾಗ ಅಲ್ಲಿನ ಕಂಪ್ಯೂಟರನ್ನೇ ಮನೆಗೆ ತಂದರು. ಕೀಬೋರ್ಡಿನಲ್ಲಿ ಐನೂರು ಟೋನ್ ಇರುವಾಗ ಇದೇನು ಹುಚ್ಚು ಎಂದವರೇ ಹೆಚ್ಚು.

ಬೇಕೆಂದವರು ನಾರಾಯಣಖೇಡದ ಜೈಪಾಲ, ತೆಲಂಗಾಣ ಹೋರಾಟದ ಹಾಡಿನ ತಂಡದಲ್ಲಿ ಕೀಬೋರ್ಡ್ ನುಡಿಸುವವರು. "ಹಾಡು ನಮ್ಮ ಮಣ್ಣಿಂದು, ಪೆಟ್ಟಿಗ್ಯಾಗಿನ ದನಿ ಪರದೇಶದ್ದು. ನಾಚಿಕಿ ಬರ್ತಿತ್ರಿ" ಎಂದು ನೆನೆಯುತ್ತಾರೆ ಅವರು. ಹೋದ ವರ್ಷ ಜೈಪಾಲರಿಗೆ ಧಮ್ಮಶೀಲಾ ಕೊಟ್ಟದ್ದು, ಹೊಲದ ಬದುವಿನಲ್ಲಿ ನಿಂತು ಸುಮ್ಮನೆ ಹಿಡಿದುಕೊಂಡಿದ್ದ ಲಚ್ಚಮ್ಮನ ಕೂಗು. ನಾರಾಯಣಖೇಡದ ಸಭೆಯಲ್ಲಿ ಅದು ಹತ್ತು ಹೆಂಗಸರು ಒಟ್ಟಿಗೆ ದನಿಯೆತ್ತಿದಂತೆ ಮೊಳಗಿತು. ತಮ್ಮೂರಿನ ಮಹಿಳಾ ಸಂಘದವರೊಂದಿಗೆ ಬಂದಿದ್ದ ಲಚ್ಚಮ್ಮ ಗುಂಪಿನ ನಡುವೆ ಎದ್ದು ನಿಂತರು.

"ಅದು ನನ್ನ ಕೊರಳು! ಕೇಳದೆ ಯಾರು ಒಯ್ದ್ರು?"

ವೇದಿಕೆಯ ಹಿಂದಿದ್ದ ಧಮ್ಮಶೀಲಾಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆ ಟೋನನ್ನು ಅಳಿಸಿಬಿಡಿ ಎಂದು ಅಂದೇ ಜೈಪಾಲರಿಗೆ ಹೇಳಿದರು. ಮೂರನೆಯ ದಿನ ತಮ್ಮ ಕೀಬೋರ್ಡನ್ನು ಹೊತ್ತು ಪಸ್ತಾಪುರಕ್ಕೆ ಹೋದರು.

"ತಪ್ಪಾತು ಆಯಿ. ಬ್ಯಾಡ ಅಂದ್ರ ನನ್ನ ಕಡಿ ಇದ್ದದ್ದೂ ಅಳಸ್ತೀನ್ರಿ. ಒಮ್ಮೆ ನೀವೇ ಒತ್ತಿ ನೋಡ್ರಿ."

ಲಚ್ಚಮ್ಮ ಅಂಜುತ್ತ ಒಂದು ಬೆರಳಿಟ್ಟರು. ಎಡತುದಿಯಲ್ಲಿ ಅವರ ದನಿ ಗೂಳಿಯಂತೆ ಗುಟುರು ಹಾಕಿತು, ಬಲತುದಿಯಲ್ಲಿ ಗುಬ್ಬಿಯಂತೆ ಚಿಲಿಪಿಲಿಗುಟ್ಟಿತು. ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮನೆಮಂದಿಯನ್ನೆಲ್ಲ ಕರೆದು ಒತ್ತಿಸಿದರು. "ಇರ್ಲಿ ಬಿಡು. ಖರೆ, ನಂದು ಅಂತ ಗೊತ್ತಾಗಬೇಕು ನೋಡು" ಎಂದರು.

ಅಂದಿನಿಂದ ಧಮ್ಮಶೀಲಾ ಯಾರ ದನಿಯನ್ನೂ ಕೇಳದೆ ಹಿಡಿಯುವುದಿಲ್ಲ. ಟೋನಿಗೆ ದನಿ ಕೊಟ್ಟವರದೇ ಹೆಸರು.

ಈಗ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ. ಬಸ್ಸಿಲ್ಲ, ಹೆದ್ದಾರಿ ತಣ್ಣಗಿದೆ, ಲಚ್ಚಮ್ಮನ ಕೂಗನ್ನು ಇನ್ನೊಮ್ಮೆ ಶುದ್ಧವಾಗಿ ಹಿಡಿಯಲು ಇಂಥ ದಿನ ಸಿಗದು. ಆದರೆ ಕರೆಂಟು ಬಂದಷ್ಟು ಹೊತ್ತೇ ಕೆಲಸ. ಟೋನುಗಳು ಮಾತ್ರ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ನಡೆದೇ ಇವೆ. ಮೊನ್ನೆ ಮೊಗುಡಂಪಲ್ಲಿಯ ಮದುವೆಯೊಂದರಲ್ಲಿ, ಬೀದರ್ ಕಡೆಯ ಅಪರಿಚಿತ ವಾದಕನ ಕೀಬೋರ್ಡಿನ ಪುಟ್ಟ ಪರದೆಯ ಮೇಲೆ 'ಲಚ್ಚಮ್ಮ' ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹೊಳೆಯುತ್ತಿದ್ದುದನ್ನು ಧಮ್ಮಶೀಲಾ ಕಂಡರು. ಮಾಡಿದವಳು ನಾನೇ ಎಂದು ಹೇಳದೆ, ಊಟ ಮುಗಿಸಿ ಬಂದರು.

ನಿಮ್ಮ ಹೆಸರೂ ಎಲ್ಲಾದರೂ ಬೇಡವೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ನಂದ್ಯಾಕ್ರಿ? ದನಿ ಕೊಟ್ಟಾಕಿ ಆಕಿ. ನಾ ಕಿವಿ ಕೊಟ್ಟೀನಿ, ಅಷ್ಟೇ."