ಬಂದರಿಲ್ಲದ ದ್ವೀಪದ ಕ್ರೇನ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮ ಅಲೋಫಿ ಪಟ್ಟಣದ ಧಕ್ಕೆಯ ಮೇಲೆ ಮೀನುಗಾರರು ತಮ್ಮ ತಮ್ಮ ದೋಣಿಗಳ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಯಾರೂ ಸಮುದ್ರದ ಕಡೆ ನೋಡುತ್ತಿಲ್ಲ. ಎಲ್ಲರ ಕಣ್ಣೂ ಕ್ರೇನಿನ ಗೂಡಿನಲ್ಲಿ ಕುಳಿತ ಮೆಲೆಕುಲಾ ಎಂಬ ಹೆಂಗಸಿನ ಮುಖದ ಮೇಲಿದೆ. ಸಮುದ್ರವನ್ನು ನೋಡುವ ಕೆಲಸ ಆಕೆಯದು. ಅಲೆಯೊಂದು ಬಂದು ಧಕ್ಕೆಗೆ ಬಡಿದು ಹಿಂದೆ ಸರಿಯುತ್ತದೆ. ಇನ್ನೊಂದು ಬರುತ್ತದೆ. ಮೆಲೆಕುಲಾ ಅಲ್ಲಾಡುವುದಿಲ್ಲ.

“ಅಕ್ಕಾ, ಇವತ್ತು ಇಳಿಸ್ತೀಯೋ, ಇಲ್ಲ ಅಲ್ಲೇ ಕೂತು ಪ್ರಾರ್ಥನೆ ಮುಗಿಸ್ತೀಯೋ?” ಮೀನುಗಾರ ಸೆಫೆಲಿ ಕೆಳಗಿನಿಂದ ಕೂಗುತ್ತಾನೆ.

“ನೀನು ಬರ್ತಿದ್ದೀಯ ಅಂತ ಮೀನುಗಳಿಗೆ ಹೇಳ್ತಿದ್ದೆ ಕಣೋ. ಅವು ನಗೋದು ನಿಲ್ಲಿಸ್ಲಿ, ಇಳಿಸ್ತೀನಿ.”

ನಕ್ಕವರ ನಗು ಮುಗಿಯುವುದರೊಳಗೆ ಕೊಕ್ಕೆ ಕೆಳಗೆ ಬಂದಿರುತ್ತದೆ. ಸೆಫೆಲಿಯ ದೋಣಿ ಗಾಳಿಯಲ್ಲಿ ತೇಲಿ, ಧಕ್ಕೆಯ ಅಂಚು ದಾಟಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸದ್ದಿಲ್ಲದೆ ಕೂರುತ್ತದೆ.

ಪೆಸಿಫಿಕ್ ಸಾಗರದ ನಡುವಿನ ನಮ್ಮ ನಿಯುಯೆ ದ್ವೀಪದಲ್ಲಿ ದೋಣಿಗಳು ನೀರಿನಲ್ಲಿ ಮಲಗುವುದಿಲ್ಲ. ಹವಳದ ಬಂಡೆ ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಊರು ಇದು. ದೋಣಿ ಎಳೆದು ಹಾಕಲು ಮರಳ ದಂಡೆಯಿಲ್ಲ, ಕಟ್ಟಿಹಾಕಲು ಬಂದರಿಲ್ಲ. ಹೋಗುವಾಗ ಕ್ರೇನಿನಿಂದ ಇಳಿಸಬೇಕು, ಬಂದಾಗ ಎತ್ತಬೇಕು. ಸರಕಿನ ಹಡಗೂ ದೂರದಲ್ಲೇ ನಿಲ್ಲುತ್ತದೆ. ಅಕ್ಕಿ, ಸಿಮೆಂಟು, ಡೀಸೆಲ್ಲು, ಮಕ್ಕಳ ಸೈಕಲ್ಲು ಎಲ್ಲವೂ ತೆಪ್ಪದಲ್ಲಿ ಧಕ್ಕೆಯವರೆಗೆ ಬಂದು, ಅಲ್ಲಿಂದ ಮೆಲೆಕುಲಾ ಅವರ ಕೊಕ್ಕೆ ಹಿಡಿದೇ ಮೇಲೇರಬೇಕು. ನಾವು ಸ್ವಂತ ಸರ್ಕಾರ ಕಟ್ಟಿಕೊಂಡು ಐವತ್ತು ವರ್ಷ ದಾಟಿತು. ಆ ಸರ್ಕಾರದ ಕುರ್ಚಿ ಮೇಜುಗಳೂ ಈ ಕೊಕ್ಕೆಗೆ ನೇತಾಡಿಯೇ ಬಂದವು ಎಂದು ಧಕ್ಕೆಯ ಜನ ತಮಾಷೆ ಮಾಡುತ್ತಾರೆ.

ಮೆಲೆಕುಲಾಗೆ ಈಗ ಐವತ್ತೆಂಟು. ಟಮಕೌಟೋಗ ಹಳ್ಳಿಯವರು. ಅವರ ತಂದೆ ಹಡಗಿನಿಂದ ಮೂಟೆಗಳನ್ನು ದೋಣಿಯಲ್ಲಿ ಹುಟ್ಟು ಹಾಕಿ ತಂದು, ಹೆಗಲ ಮೇಲೆ ಹೊತ್ತು ಬಂಡೆ ಹತ್ತುತ್ತಿದ್ದ ಕಾಲದವರು. ದೊಡ್ಡ ಚಂಡಮಾರುತ ಬಂದು, ಅಲೆಗಳು ಬಂಡೆಯ ನೆತ್ತಿಯನ್ನೂ ಹಾರಿ ಮನೆಗಳನ್ನು ಗುಡಿಸಿಕೊಂಡು ಹೋದ ಮೇಲೆ ಬಹಳ ಜನ ದ್ವೀಪ ಬಿಟ್ಟು ವಿಮಾನ ಹತ್ತಿದರು. ಕ್ರೇನ್ ನಡೆಸುತ್ತಿದ್ದವನೂ ಹೊರಟ. ಆಗ ಧಕ್ಕೆಯಲ್ಲಿ ಚೀಲ ಎಣಿಸುವ ಕೆಲಸದಲ್ಲಿದ್ದ ಮೆಲೆಕುಲಾ, ಹೊಸಬ ಸಿಗುವವರೆಗೆ ಎಂದು ಗೂಡು ಹತ್ತಿದರು. ಹೊಸಬ ಇಂದಿಗೂ ಸಿಕ್ಕಿಲ್ಲ.

“ಮೊದಲನೇ ದಿನ ಒಂದು ಮೂಟೆ ಸಕ್ಕರೆ ನೀರಿಗೆ ಹಾಕ್ದೆ. ಅವತ್ತು ಸಮುದ್ರ ಸಿಹಿಯಾಗಿತ್ತು ಅಂತ ಇವತ್ತಿಗೂ ಆಡ್ಕೋತಾರೆ,” ಎನ್ನುತ್ತಾರೆ ಅವರು. ಹೇಳುವಾಗ ನಗುವುದಿಲ್ಲ. ಮೊದಲು ಹೀಗಿರಲಿಲ್ಲ, ಬಾಯ್ತುಂಬ ನಗುವ ಹೆಂಗಸು ಎಂದು ನೆರೆಯವರು ಹೇಳುತ್ತಾರೆ. ಬೆಳಗಿನ ನಾಲ್ಕು ಮಾತಿನ ಚೇಷ್ಟೆ ಕೂಡ ಮೀನುಗಾರರ ಧೈರ್ಯಕ್ಕೆ. ದೋಣಿಗಳು ಹೋದ ಮೇಲೆ ಅವರು ಗೂಡಿನಲ್ಲಿ ಒಬ್ಬರೇ ಉಳಿಯುತ್ತಾರೆ. ಈ ತಿಂಗಳುಗಳಲ್ಲಿ ತಿಮಿಂಗಿಲಗಳು ಮರಿ ಕರೆದುಕೊಂಡು ಧಕ್ಕೆಯ ಹತ್ತಿರಕ್ಕೇ ಬರುತ್ತವೆ. ಅವು ಉಸಿರು ಬಿಡುವ ಸದ್ದು ಕೇಳುತ್ತದೆ. ಮೆಲೆಕುಲಾ ಅತ್ತ ತಿರುಗುವುದಿಲ್ಲ. ಅವರ ನೋಟವೆಲ್ಲ ಪಡುವಣ ದಿಗಂತದ ಮೇಲೆ.

ನಾಲ್ಕು ವರ್ಷದ ಹಿಂದೆ ಗಾಳಿ ಆ ದಿಕ್ಕಿನಿಂದಲೇ ಬಂತು. ತಿಳಿಯಾಗಿದ್ದ ಮಧ್ಯಾಹ್ನ ಏಕಾಏಕಿ ತಿರುಗಿತು. ಮೂರು ದೋಣಿಗಳು ಹೊರಗಿದ್ದವು. ಎರಡನ್ನು ಮೆಲೆಕುಲಾ ಎತ್ತಿದರು. ಮೂರನೆಯದು ಅವರ ತಂಗಿ ಲಿನೆಟಾ ಅವರ ಗಂಡ ಇಕಿಮೋಟುವಿನದು. ಅಷ್ಟರಲ್ಲಿ ಅಲೆಗಳು ಧಕ್ಕೆಯ ಮೇಲೇ ಹರಿಯತೊಡಗಿದ್ದವು. ಮುಷ್ಟಿಗಾತ್ರದ ಕಬ್ಬಿಣದ ಕೊಕ್ಕೆ ಗಾಳಿಗೆ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಕೆಳಗೆ, ಮೇಲೆದ್ದು ಬೀಳುವ ದೋಣಿಯಲ್ಲಿ ಇಕಿಮೋಟು ಅದನ್ನು ಹಿಡಿಯಲು ಕೈ ಚಾಚಿ ನಿಂತಿದ್ದರು.

“ಒಂದು ಸಲ ಅವನ ಕಿವಿ ಸವರಿಕೊಂಡು ಹೋಯ್ತು. ಇನ್ನೊಂದು ಸಲ ಬಂದ್ರೆ ತಲೆಬುರುಡೆ ಉಳಿಯಲ್ಲ ಅಂತ ಅನ್ನಿಸ್ತು. ಕೈ ಬೀಸಿದೆ, ಸುತ್ತು ಹಾಕಿ ಮೂಡಣ ಮಗ್ಗುಲಿಗೆ ಹೋಗು ಅಂತ. ಅವನು ನನ್ನ ಮುಖ ನೋಡ್ದ. ಆಮೇಲೆ ‘ಹಕೆ’ ಅಂದ.”

ನಮ್ಮ ಮಾತಿನಲ್ಲಿ ಹಕೆ ಎಂದರೆ ಮೇಲಕ್ಕೆ. ಧಕ್ಕೆಯಲ್ಲಿ ದಿನವಿಡೀ ಕೂಗುವ ಪದ ಅದು, ಎತ್ತು, ಅಷ್ಟೇ. ಏನನ್ನು ಎತ್ತಬೇಕು ಎಂಬುದು ಕೈಸನ್ನೆಯಲ್ಲಿ ಗೊತ್ತಾಗುತ್ತದೆ. ಇಕಿಮೋಟುವಿನ ಎರಡೂ ಕೈ ಆಗ ದೋಣಿಯ ಅಂಚನ್ನು ಹಿಡಿದಿದ್ದವು.

ಮೆಲೆಕುಲಾ ಕೊಕ್ಕೆ ಎತ್ತಿದರು. ದೋಣಿ ತಿರುಗಿಕೊಂಡು ಮಳೆಯೊಳಗೆ ಹೋಯಿತು. ಎರಡು ದಿನದ ಮೇಲೆ ಉತ್ತರದ ಬಂಡೆಗಳ ಬುಡದಲ್ಲಿ ಅದರ ಮುರುಕು ಸಿಕ್ಕಿತು. ಇಕಿಮೋಟು ಸಿಗಲಿಲ್ಲ.

“ಕೊಕ್ಕೆ ಎತ್ತು, ನಾನು ಹೋಗ್ತೀನಿ ಅಂದ್ನೋ? ನನ್ನನ್ನ ಎತ್ತು ಅಂದ್ನೋ?” ಮೆಲೆಕುಲಾ ಆರಿದ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. “ನೀನು ಮಾಡಿದ್ದೇ ಸರಿ ಅಂತ ಎಲ್ಲರೂ ಹೇಳ್ತಾರೆ. ಹೇಳೋರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

ಶವವಿಲ್ಲದ ಅಂತ್ಯಪ್ರಾರ್ಥನೆಯ ದಿನ ಚರ್ಚಿನ ಅಂಗಳದಲ್ಲಿ ಲಿನೆಟಾ ಎಲ್ಲರೆದುರು ಒಂದೇ ಮಾತು ಕೇಳಿದರು. “ಅವನು ಏನಾದ್ರೂ ಅಂದ್ನಾ?”

“ಇಲ್ಲ” ಎಂದರು ಮೆಲೆಕುಲಾ. ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂದು ಒಮ್ಮೆ ಅನ್ನಿಸಿತಂತೆ. ಹೇಳಿದರೆ ತಂಗಿಗೂ ತನ್ನ ಹಾಗೇ ರಾತ್ರಿ ನಿದ್ದೆ ಇಲ್ಲದಾಗುತ್ತದೆ ಎಂದು ಇನ್ನೊಮ್ಮೆ. “ಹಂಗಾದ್ರೆ ಕೊಕ್ಕೆ ಎತ್ತಿದ್ದು ನೀನೇ” ಎಂದು ಲಿನೆಟಾ ಮುಖ ತಿರುಗಿಸಿದರು. ಆಮೇಲೆ ಅಕ್ಕನ ಜೊತೆ ಮಾತು ಬಿಟ್ಟರು. ಇಬ್ಬರ ಮನೆಯ ನಡುವೆ ಇರುವುದು ಒಂದು ದೀವಿಹಲಸಿನ ಮರ ಮತ್ತು ಅಮ್ಮನ ಗೋರಿ. ಗೋರಿಗೆ ಹೂವಿಡಲು ಒಬ್ಬರು ಬಂದರೆ ಇನ್ನೊಬ್ಬರು ಒಳಗಿರುತ್ತಿದ್ದರು. ಹಕೆ ಎಂಬ ಆ ಮಾತನ್ನು ನಮ್ಮ ಪತ್ರಿಕೆಯಲ್ಲಿ ಬರೆಯಲೇ ಎಂದು ಮೆಲೆಕುಲಾ ಅವರನ್ನು ಕೇಳಿದೆ. “ಬರಿ. ಪೇಪರಲ್ಲಿ ಬಂದ್ರೆ ಅವಳೂ ಓದ್ತಾಳೆ. ಎದುರಿಗೆ ನಿಂತು ಹೇಳೋಕೆ ನನ್ನ ಕೈಲಿ ಆಗಲ್ಲ.”

ದುರಂತವಾದ ವಾರವೇ ಮೆಲೆಕುಲಾ ಕೆಲಸ ಬಿಡುತ್ತೇನೆಂದು ಹೇಳಿ ಹೋಗಿದ್ದರು. ಆ ಸಂಜೆ ಗಾಳಿ ಎದ್ದಿತು, ಹೊರಗೆ ದೋಣಿಗಳಿದ್ದವು, ಕ್ರೇನ್ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಮತ್ತೆ ಗೂಡು ಹತ್ತಿದರು. ಈಗ ಸ್ವಲ್ಪ ಅಲೆ ಕಂಡರೂ ಇಳಿಸುವುದಿಲ್ಲ. ಮೀನುಗಾರರು ಬೈಯುತ್ತಾರೆ. “ಬೈಕೊಳ್ಳಿ. ಬೈಯೋಕೆ ಬದುಕಿರ್ತಾರಲ್ಲ.”

ಹೋದ ತಿಂಗಳು ಲಿನೆಟಾ ದ್ವೀಪ ಬಿಟ್ಟರು. ಆಕ್ಲೆಂಡಿನಲ್ಲಿರುವ ಮಗಳ ಮನೆಗೆ. ನಮ್ಮವರಲ್ಲಿ ಹೆಚ್ಚಿನವರು ಈಗ ಅಲ್ಲೇ ಇದ್ದಾರೆ. ಅಲ್ಲಿನ ಮೊಮ್ಮಕ್ಕಳಿಗೆ ನಮ್ಮ ಮಾತು ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ. ವಿಮಾನದಲ್ಲಿ ಒಂದು ಪೆಟ್ಟಿಗೆ ಒಯ್ಯಬಹುದು. ಮನೆಯ ಸಾಮಾನಿಗೆ ಹಡಗೇ ಗತಿ, ಹಡಗಿಗೆ ಕ್ರೇನೇ ಗತಿ.

ಸರಕು ತುಂಬುವ ದಿನ ಧಕ್ಕೆಯ ಮೇಲೆ ಮರದ ದೊಡ್ಡ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಲಿನೆಟಾ. ಅಲೆ ಜೋರಾಗಿಯೇ ಇತ್ತು, ಕೆಳಗೆ ತೆಪ್ಪ ಕುಣಿಯುತ್ತಿತ್ತು. ಕೊಕ್ಕೆ ಸಿಕ್ಕಿಸುವವರು ಸಿಕ್ಕಿಸಿ ದೂರ ಸರಿದರು. ಲಿನೆಟಾ ಸರಿಯಲಿಲ್ಲ. ನಿಧಾನವಾಗಿ ನಡೆದು ಬಂದು ಗೂಡಿನ ಕೆಳಗೆ ನಿಂತರು.

“ಒಳಗೆ ಗಾಜಿನ ಸಾಮಾನಿದೆ” ಎಂದರು.

“ಗೊತ್ತು” ಎಂದರು ಮೆಲೆಕುಲಾ.

“ಅಮ್ಮನ ಲೋಟಗಳು.”

“ಗೊತ್ತು ಕಣೇ.”

ಅಷ್ಟೇ. ಮೆಲೆಕುಲಾ ಬಹಳ ಹೊತ್ತು ಕಾದರು. ಕೆಳಗೆ ತೆಪ್ಪದವರು ಗೊಣಗಿದರು, ಮೇಲೆ ಮಳೆ ಹನಿಯಿತು. ಕೊನೆಗೊಂದು ಅಲೆ ತೆಪ್ಪವನ್ನು ಎತ್ತಿ ಹಿಡಿದಾಗ ಪೆಟ್ಟಿಗೆ ಅದರ ಮೇಲೆ ಕೂತಿತು. ಹಗ್ಗ ಸಡಿಲವಾದದ್ದು ಕಂಡಾಗಲೇ ಅದು ಕೂತಿದೆ ಎಂದು ನಮಗೆ ತಿಳಿದದ್ದು. ಲಿನೆಟಾ ತೆಪ್ಪ ಹಡಗು ಮುಟ್ಟುವವರೆಗೂ ನಿಂತು ನೋಡಿದರು. ಹಿಂದಿರುಗಿ ನೋಡದೆ ರಸ್ತೆ ಹತ್ತಿದರು. ಮರುದಿನ ವಿಮಾನ ಹೊರಟಾಗ ಮೆಲೆಕುಲಾ ಧಕ್ಕೆಯಲ್ಲಿ ಡೀಸೆಲ್ ಪೀಪಾಯಿ ಎತ್ತುತ್ತಿದ್ದರು.

ಮೊನ್ನೆ ಸಿಕ್ಕಾಗ ಕೇಳಿದೆ, ಪೆಟ್ಟಿಗೆ ತಲುಪಿತೇ ಎಂದು.

“ತಲುಪಿದೆ. ಅವಳ ಮಗಳು ಫೋನ್ ಮಾಡಿದ್ಲು, ಎಲ್ಲಾ ಬಿಚ್ಚಿ ಜೋಡಿಸಿ ಆಯ್ತಂತೆ.”

“ಲಿನೆಟಾ ಏನಂದ್ರು?”

“ಅವಳು ಫೋನಿಗೆ ಬರಲಿಲ್ಲ. ಲೋಟದ ವಿಷಯ ಏನೂ ಹೇಳಿ ಕಳಿಸಲಿಲ್ಲ.” ಮೆಲೆಕುಲಾ ಕೈಗವಸು ಏರಿಸಿಕೊಂಡು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. “ಒಡೆದಿದ್ರೆ ಹೇಳಿರ್ತಿದ್ಲು.”